ಆರ್.ಇ.ಎಂ. ಕೇಳೋಣ ಅಂದರೆ ಯಾವ ಆಲ್ಬಂನಿಂದ ಶುರು ಮಾಡೋದು?

ಅಮೆರಿಕದ ರಾಕ್ ತಂಡ ಆರ್.ಇ.ಎಂ. ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಒಂದೇ ಹಾಡು, ‘ಲೂಸಿಂಗ್ ಮೈ ರಿಲಿಜನ್’. 1991ರದು, ಮ್ಯಾಂಡೊಲಿನ್ ಮೇಲೆ ನಡೆಯುವ ಹಾಡು. ಅದರ ವಿಡಿಯೊ ಮಾಡಿದವರು ಪಂಜಾಬಿನ ಜಲಂಧರ್‌ನಲ್ಲಿ ಹುಟ್ಟಿದ ತರ್ಸೆಮ್ ಸಿಂಗ್. ಆ ವರ್ಷದ ಎಂಟಿವಿ ಪ್ರಶಸ್ತಿಗಳಲ್ಲಿ ಆರನ್ನು ಆ ವಿಡಿಯೊ ಬಾಚಿಕೊಂಡಿತ್ತು. ಆದರೆ ಅಷ್ಟು ಹೊತ್ತಿಗೆ ತಂಡ ಶುರುವಾಗಿ ಹನ್ನೊಂದು ವರ್ಷ ಆಗಿತ್ತು. ಆರು ಆಲ್ಬಂ ಬಂದು ಹೋಗಿದ್ದವು.

ಆ ಹಾಡು ಇಷ್ಟಪಟ್ಟು ಹಿಂದಕ್ಕೆ ಹೋದವರು ಸಾಮಾನ್ಯವಾಗಿ ತಬ್ಬಿಬ್ಬಾಗುತ್ತಾರೆ. ಹಾಡುವವರು ಅದೇ ಮನುಷ್ಯ, ಆದರೆ ಏನು ಹಾಡುತ್ತಿದ್ದಾರೆ ಅಂತ ಒಂದು ಸಾಲೂ ಗೊತ್ತಾಗುವುದಿಲ್ಲ. ಗಿಟಾರ್ ಬೇರೆ ಥರ, ಡ್ರಮ್ಸ್ ಬೇರೆ ಥರ. ಎರಡು ಹಾಡು ಕೇಳಿ ಬಿಟ್ಟುಬಿಡುತ್ತಾರೆ. ಅದಕ್ಕೇ ಈ ಮಾರ್ಗದರ್ಶಿ. 1982ರಿಂದ 1987ರವರೆಗೆ, ಐ.ಆರ್.ಎಸ್. ರೆಕಾರ್ಡ್ಸ್ ಕಂಪನಿಯಲ್ಲಿ ಇದ್ದಾಗ, ತಂಡ ಒಂದು ಇ.ಪಿ. (ಆಲ್ಬಂಗಿಂತ ಚಿಕ್ಕ ರೆಕಾರ್ಡ್) ಮತ್ತು ಐದು ಆಲ್ಬಂ ತಂದಿತು. ಈ ಆರರಲ್ಲಿ ನಿಮಗೆ ಯಾವುದು ಮೊದಲು ಅನ್ನೋದು ಪ್ರಶ್ನೆ.

ನನ್ನ ಅಳತೆಗೋಲು ಒಂದೇ: ಹಾಡಿನ ಮಾತು ನಿಮಗೆ ಎಷ್ಟು ಕೇಳಿಸಬೇಕು? ಮೊದಲ ರೆಕಾರ್ಡಿನಲ್ಲಿ ಹಾಡುಗಾರ ಮೈಕಲ್ ಸ್ಟೈಪ್ ಮಾತನ್ನೆಲ್ಲ ನುಂಗಿ ಹಾಡುತ್ತಾರೆ. ಆರನೆಯದಕ್ಕೆ ಬರುವಾಗ ಒಂದೊಂದು ಪದವೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ. ಉಳಿದ ವ್ಯತ್ಯಾಸಗಳೆಲ್ಲ ಹೆಚ್ಚುಕಡಿಮೆ ಈ ಗೆರೆಯನ್ನೇ ಹಿಡಿದು ಬರುತ್ತವೆ. ಒಂದು ವಿಷಯದಲ್ಲಿ ನಮಗೆ ಅನುಕೂಲ ಇದೆ. ಇಂಗ್ಲಿಷ್ ಹಾಡನ್ನು ಅರ್ಧಂಬರ್ಧ ಹಿಡಿದುಕೊಂಡು, ಉಳಿದದ್ದನ್ನು ರಾಗದಲ್ಲೇ ತುಂಬಿಕೊಂಡು ಗುನುಗುವುದು ನಮಗೆ ಅಭ್ಯಾಸ ಅಲ್ವಾ? 1983ರಲ್ಲಿ ಈ ತಂಡ ಅಮೆರಿಕದವರನ್ನೇ ಆ ಸ್ಥಿತಿಗೆ ತಂದು ನಿಲ್ಲಿಸಿತು.

ಚರ್ಚಿನಲ್ಲಿ ಶುರುವಾದ ತಂಡ

ಊರು ಅಥೆನ್ಸ್. ಗ್ರೀಸಿನದಲ್ಲ, ಅಮೆರಿಕದ ಜಾರ್ಜಿಯ ರಾಜ್ಯದ್ದು. ಜಾರ್ಜಿಯ ವಿಶ್ವವಿದ್ಯಾಲಯ ಇರುವ ಊರು. ಗಿಟಾರ್ ನುಡಿಸುವ ಪೀಟರ್ ಬಕ್ ಅಲ್ಲಿನ ವಕ್ಸ್‌ಟ್ರಿ ಎಂಬ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಸ್ಟೈಪ್ ಚಿತ್ರಕಲೆ ಓದುತ್ತಿದ್ದರು, ರೆಕಾರ್ಡ್ ಕೊಳ್ಳಲು ಬರುತ್ತಿದ್ದರು. ಬಕ್ ತನಗಾಗಿ ಎತ್ತಿಟ್ಟುಕೊಂಡ ರೆಕಾರ್ಡುಗಳೇ ಈ ಹುಡುಗನಿಗೂ ಬೇಕಾಗುತ್ತಿದ್ದವು. ಹಾಗೆ ಪರಿಚಯ. ಬೇಸ್ ನುಡಿಸುವ ಮೈಕ್ ಮಿಲ್ಸ್ ಮತ್ತು ಡ್ರಮ್ಸ್‌ನ ಬಿಲ್ ಬೆರ್ರಿ ಅದೇ ರಾಜ್ಯದ ಮೇಕನ್ ಊರಿನವರು, ಹೈಸ್ಕೂಲಿನಿಂದ ಜೊತೆಗಾರರು. ಈ ಇಬ್ಬರು ಮೊದಲೇ ಒಟ್ಟಿಗೆ ನುಡಿಸಿ ಪಳಗಿದವರು. ಬಕ್‌ಗೆ ಆಗ ಗಿಟಾರ್ ಅಷ್ಟಾಗಿ ಬರುತ್ತಿರಲಿಲ್ಲ. ಈ ಅಸಮತೋಲನವೇ ತಂಡದ ಗುಟ್ಟು ಅಂತ ನನಗೆ ಅನಿಸುತ್ತದೆ. ರಾಗ ಹೊತ್ತು ನಡೆಯುವ ಕೆಲಸ ಎಷ್ಟೋ ಸಲ ಬೇಸ್‌ಗೆ ಬಂತು. ಗಿಟಾರ್ ದೊಡ್ಡ ಸೋಲೊ ಹೊಡೆಯುವ ಬದಲು ತಂತಿ ತಂತಿ ಬಿಡಿಸಿ ನುಡಿಸುತ್ತಾ ಹೋಯಿತು.

ಊರಿನ ಓಕೋನಿ ಬೀದಿಯಲ್ಲಿ ಪೂಜೆ ನಿಂತುಹೋದ ಸೇಂಟ್ ಮೇರೀಸ್ ಎಂಬ ಚರ್ಚ್ ಇತ್ತು. ಅದನ್ನು ಬಾಡಿಗೆಗೆ ಕೊಡುತ್ತಿದ್ದರು. ಬಕ್ ಮತ್ತು ಸ್ಟೈಪ್ ಅಲ್ಲೇ ಇದ್ದರು. 1980ರ ಏಪ್ರಿಲ್ 5ರಂದು ಒಬ್ಬ ಗೆಳತಿಯ ಹುಟ್ಟುಹಬ್ಬದ ಪಾರ್ಟಿಗೆ ಅದೇ ಚರ್ಚಿನಲ್ಲಿ ನಾಲ್ವರೂ ಮೊದಲ ಸಲ ಜನರ ಮುಂದೆ ನುಡಿಸಿದರು. ತಂಡಕ್ಕೆ ಆಗಿನ್ನೂ ಹೆಸರಿಲ್ಲ. ಆಮೇಲೆ ಸ್ಟೈಪ್ ಡಿಕ್ಷನರಿ ತೆರೆದು ಕಣ್ಣಿಗೆ ಬಿದ್ದ ಆರ್.ಇ.ಎಂ. ಅನ್ನು ಆರಿಸಿದರು ಅನ್ನೋದು ಎಲ್ಲರೂ ಹೇಳುವ ಕಥೆ. ಚರ್ಚ್ ಈಗಿಲ್ಲ, ಗೋಪುರ ಮಾತ್ರ ನಿಂತಿದೆ.

ಇದೇ ಊರಿನಿಂದ ಬಿ-52ಸ್ ಆಗಲೇ ಹೊರಬಿದ್ದಿತ್ತು, ಪೈಲನ್ ಎಂಬ ಇನ್ನೊಂದು ತಂಡಕ್ಕೂ ಹೆಸರಿತ್ತು. ಅವೆರಡೂ ಕುಣಿಸುವ ತಂಡಗಳು. ಆರ್.ಇ.ಎಂ. ಕೂಡ ಮೊದಲು ಪಾರ್ಟಿ ತಂಡವೇ. ವ್ಯಾನಿನಲ್ಲಿ ಸಾಮಾನು ತುಂಬಿಕೊಂಡು ದಕ್ಷಿಣದ ಊರೂರು ಸುತ್ತಿದರು. ದೊಡ್ಡ ರೇಡಿಯೊ ಸ್ಟೇಷನ್‌ಗಳು ಇಂಥವರನ್ನು ಹಾಕುತ್ತಿರಲಿಲ್ಲ. ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳೇ ನಡೆಸುವ ಕಾಲೇಜ್ ರೇಡಿಯೊ ಹಾಕುತ್ತಿತ್ತು. ಇಂಥ ತಂಡಗಳಿಗೆ ಮುಂದೆ ಆಲ್ಟರ್ನೇಟಿವ್ ರಾಕ್ ಎಂಬ ಹೆಸರು ಅಂಟಿತು.

1981ರಲ್ಲಿ ಹಿಬ್-ಟೋನ್ ಎಂಬ ಪುಟ್ಟ ಲೇಬಲ್‌ನಲ್ಲಿ ಮೊದಲ ಸಿಂಗಲ್ ‘ರೇಡಿಯೊ ಫ್ರೀ ಯುರೋಪ್’ ಬಂತು. ಅದನ್ನು ರೆಕಾರ್ಡ್ ಮಾಡಿದ್ದು ನಾರ್ತ್ ಕ್ಯಾರೊಲಿನಾದ ವಿನ್‌ಸ್ಟನ್-ಸೇಲಂನಲ್ಲಿ, ಮಿಚ್ ಈಸ್ಟರ್ ತನ್ನ ಅಪ್ಪ ಅಮ್ಮನ ಮನೆಯ ಗ್ಯಾರೇಜಿನಲ್ಲಿ ಮಾಡಿಕೊಂಡಿದ್ದ ಡ್ರೈವ್-ಇನ್ ಸ್ಟುಡಿಯೊದಲ್ಲಿ. ಅಷ್ಟು ಸಣ್ಣ ರೆಕಾರ್ಡನ್ನು ನ್ಯೂಯಾರ್ಕ್ ಟೈಮ್ಸ್ ಆ ವರ್ಷದ ಹತ್ತು ಒಳ್ಳೆಯ ಸಿಂಗಲ್‌ಗಳ ಪಟ್ಟಿಗೆ ಸೇರಿಸಿತು. 1982ರಲ್ಲಿ ಐ.ಆರ್.ಎಸ್. ಜೊತೆ ಒಪ್ಪಂದ ಆಯಿತು.

ಕ್ರಾನಿಕ್ ಟೌನ್: ಇಪ್ಪತ್ತು ನಿಮಿಷ ಕೊಡುತ್ತೀರಾ?

1982ರ ಆಗಸ್ಟ್‌ನಲ್ಲಿ ಬಂದ ಐದು ಹಾಡಿನ ಇ.ಪಿ. ಮುಖಪುಟದಲ್ಲಿ ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನ ವಿಕಾರ ಮುಖದ ಕಲ್ಲಿನ ಪ್ರಾಣಿ. ‘ಗಾರ್ಡನಿಂಗ್ ಅಟ್ ನೈಟ್’ ಒಂದು ಕೇಳಿದರೆ ಸಾಕು, ಈ ತಂಡ ನಿಮಗೆ ಹಿಡಿಸುತ್ತದೋ ಇಲ್ಲವೋ ಗೊತ್ತಾಗುತ್ತದೆ. ಪೂರ್ತಿ ಆಲ್ಬಂಗೆ ಕೂರುವ ತಾಳ್ಮೆ ಇಲ್ಲದವರಿಗೆ ಇದು ಸರಿ. ಆದರೆ ಇದೊಂದನ್ನೇ ಕೇಳಿ ತೀರ್ಮಾನಕ್ಕೆ ಬರಬೇಡಿ. ಧ್ವನಿ ಇನ್ನೂ ಹಸಿಯಾಗಿದೆ.

ಮರ್ಮರ್ ಅಥವಾ ರೆಕನಿಂಗ್?

ನಿಜವಾದ ಆಯ್ಕೆ ಇರುವುದು ಇಲ್ಲಿ. ಎರಡಕ್ಕೂ ನಿರ್ಮಾಪಕರು, ಅಂದರೆ ರೆಕಾರ್ಡಿಂಗ್ ಮುಂದೆ ನಿಂತು ಮಾಡಿಸಿದವರು, ಒಂದೇ ಜೋಡಿ: ಮಿಚ್ ಈಸ್ಟರ್ ಮತ್ತು ಡಾನ್ ಡಿಕ್ಸನ್. ಸ್ಟುಡಿಯೊ ಕೂಡ ಒಂದೇ, ಷಾರ್ಲಟ್ ಊರಿನ ರಿಫ್ಲೆಕ್ಷನ್ ಸೌಂಡ್. ನಡುವೆ ಒಂದು ವರ್ಷದ ಅಂತರ. ಆದರೂ ಎರಡು ಬೇರೆ ಬೇರೆ ಲೋಕ.

ಮರ್ಮರ್ 1983ರ ಏಪ್ರಿಲ್‌ನದು. ಇದಕ್ಕೆ ಕಂಪನಿ ಮೊದಲು ಕಳಿಸಿದ್ದು ಸ್ಟೀಫನ್ ಹೇಗ್ ಎಂಬ ಬೇರೆ ನಿರ್ಮಾಪಕರನ್ನು. ಅವರು ‘ಕ್ಯಾಟಪಲ್ಟ್’ ಹಾಡನ್ನು ಮತ್ತೆ ಮತ್ತೆ ನುಡಿಸಿದರು. ತಾಳ ಒಂಚೂರೂ ಆಚೀಚೆ ಆಗಬಾರದು ಅನ್ನೋದು ಅವರ ಹಟ. ಆಮೇಲೆ ಟೇಪನ್ನು ಬಾಸ್ಟನ್‌ಗೆ ಒಯ್ದು, ತಂಡವನ್ನು ಕೇಳದೆ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ ಸೇರಿಸಿದರು. ಡ್ರಮ್ಸ್‌ನ ಬೆರ್ರಿಯಂತೂ ಸೋತುಹೋಗಿದ್ದರು. ತಂಡ ಬೇಡಿಕೊಂಡಿತು: ನಮ್ಮ ಈಸ್ಟರ್ ಸಾಕು. ಆ ಬೇಸರ ಆಲ್ಬಂ ಪೂರ್ತಿ ಕೇಳಿಸುತ್ತದೆ, ಒಳ್ಳೆಯ ಅರ್ಥದಲ್ಲಿ. ಗಿಟಾರ್ ಸೋಲೊ ಬೇಡ, ಆಗಿನ ಕಾಲದ ಸಿಂಥಸೈಜರ್ ಬೇಡ ಅಂತ ಹಟ ಹಿಡಿದರು. 1983ರಲ್ಲಿ ಬಂದ ಎಷ್ಟೋ ರೆಕಾರ್ಡುಗಳು ಇವತ್ತು ಕೇಳಿದರೆ ವರ್ಷ ಹೇಳಿಬಿಡಬಹುದು. ಮರ್ಮರ್‌ಗೆ ಹಾಗೆ ವರ್ಷ ಹಚ್ಚುವುದು ಕಷ್ಟ.

ಸ್ಟೈಪ್ ಇಲ್ಲಿ ಕತ್ತಲೆ ಮಾಡಿಕೊಂಡ ಮೆಟ್ಟಿಲ ಬಳಿ ನಿಂತು ಹಾಡಿದರು. ಧ್ವನಿ ಬೇರೆ ವಾದ್ಯಗಳ ಮೇಲೆ ಕೂರುವುದಿಲ್ಲ, ಅವುಗಳ ನಡುವೆ ಸೇರಿಕೊಂಡಿದೆ. ಮುಖಪುಟದಲ್ಲಿ ಕುಡ್ಜು ಬಳ್ಳಿ. ಜಪಾನಿನಿಂದ ತಂದು ನೆಟ್ಟದ್ದು ಅಮೆರಿಕದ ದಕ್ಷಿಣವನ್ನೆಲ್ಲ ಆವರಿಸಿಕೊಂಡ ಬಳ್ಳಿ ಅದು, ಮರ ಮನೆ ಕಂಬ ಏನನ್ನೂ ಬಿಡುವುದಿಲ್ಲ. ಹಾಡುಗಳೂ ಹಾಗೇ ಇವೆ. ಒಳಗೆ ಏನೋ ಗಟ್ಟಿ ಆಕಾರ ಇದೆ ಅಂತ ಗೊತ್ತಾಗುತ್ತದೆ, ಏನು ಅಂತ ಕಾಣಿಸುವುದಿಲ್ಲ. ‘ಟಾಕ್ ಅಬೌಟ್ ದ ಪ್ಯಾಷನ್’ನಲ್ಲಿ ಚೆಲ್ಲೊ ಬರುವ ಜಾಗ, ‘ಪರ್ಫೆಕ್ಟ್ ಸರ್ಕಲ್’ನ ಪಿಯಾನೊ, ‘ವಿ ವಾಕ್’ನಲ್ಲಿ ಗುಡುಗಿನಂತೆ ಕೇಳುವ ಸದ್ದು, ಇವಕ್ಕೆ ಕಿವಿ ಕೊಡಿ. ಆ ಗುಡುಗು ಅಸಲಿಗೆ ಬಿಲಿಯರ್ಡ್ಸ್ ಚೆಂಡುಗಳ ಸದ್ದು, ಟೇಪ್ ನಿಧಾನ ಮಾಡಿ ಹಾಕಿದ್ದು.

ರೋಲಿಂಗ್ ಸ್ಟೋನ್ ಪತ್ರಿಕೆಯ ವಿಮರ್ಶಕರು 1983ರ ಅತ್ಯುತ್ತಮ ಆಲ್ಬಂ ಎಂದು ಆರಿಸಿದ್ದು ಇದನ್ನು. ಮೈಕಲ್ ಜಾಕ್ಸನ್‌ರ ‘ಥ್ರಿಲ್ಲರ್’ ಲೋಕವನ್ನೇ ಆಳುತ್ತಿದ್ದ ವರ್ಷ ಅದು! ಆದರೆ ಅಮೆರಿಕದ ಮಾರಾಟದ ಲೆಕ್ಕ ಹೇಳುವ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮರ್ಮರ್ 36ಕ್ಕಿಂತ ಮೇಲೆ ಏರಲಿಲ್ಲ. ಹೊಗಳಿದವರು ಜಾಸ್ತಿ, ಕೊಂಡವರು ಕಡಿಮೆ.

ಈಗ ರೆಕನಿಂಗ್. 1984ರ ಏಪ್ರಿಲ್. ಎರಡೇ ವಾರ ಚಿಲ್ಲರೆ ದಿನಗಳಲ್ಲಿ ರೆಕಾರ್ಡಿಂಗ್ ಮುಗಿಸಿದರು. ವರ್ಷವಿಡೀ ಸ್ಟೇಜ್ ಮೇಲೆ ನುಡಿಸಿ ಕೈ ಪಳಗಿತ್ತು, ಅದನ್ನು ಹಾಗೇ ಹಿಡಿದಿಟ್ಟರು. ಬಕ್ ಅವರ ರಿಕನ್‌ಬ್ಯಾಕರ್ ಗಿಟಾರ್ ಇಲ್ಲಿ ಗಂಟೆ ಬಾರಿಸಿದ ಹಾಗೆ ಸ್ಪಷ್ಟ. ಸ್ಟೈಪ್ ಧ್ವನಿ ಹೊರಗೆ ಬಂದಿದೆ. ಎಲ್ಲ ಮಾತೂ ಅರ್ಥವಾಗುವುದಿಲ್ಲ, ಆದರೆ ಭಾವನೆ ಯಾವುದು ಅಂತ ಅನುಮಾನ ಇರುವುದಿಲ್ಲ.

‘ಸೋ. ಸೆಂಟ್ರಲ್ ರೇನ್’ ಹಾಡನ್ನೇ ತೆಗೆದುಕೊಳ್ಳಿ. ಊರಿನ ಕಡೆ ಪ್ರವಾಹ, ಫೋನ್ ಲೈನ್ ಕಡಿದಿದೆ, ದೂರದಲ್ಲಿರುವವನಿಗೆ ಮನೆಯವರ ಸುದ್ದಿ ಇಲ್ಲ. ಇದು ಗೊತ್ತಿಲ್ಲದೆ ಕೇಳಿದರೂ ಕೊನೆಗೆ ಧ್ವನಿ ಒಡೆಯುವಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. 1983ರ ಅಕ್ಟೋಬರ್‌ನಲ್ಲಿ ಡೇವಿಡ್ ಲೆಟರ್‌ಮನ್ ಅವರ ಟಿವಿ ಕಾರ್ಯಕ್ರಮದಲ್ಲಿ ಇದನ್ನು ನುಡಿಸಿದಾಗ ಹಾಡಿಗೆ ಹೆಸರೇ ಇಟ್ಟಿರಲಿಲ್ಲ. ಲೆಟರ್‌ಮನ್ ಬಂದು ಬಕ್ ಮತ್ತು ಮಿಲ್ಸ್ ಜೊತೆ ಮಾತಾಡಿದರು. ಹಾಡಿದ ಮನುಷ್ಯ ಹಿಂದೆ ಹೋಗಿ ಡ್ರಮ್ಸ್ ಹತ್ತಿರ ಸುಮ್ನೆ ಕೂತಿದ್ದರು.

‘7 ಚೈನೀಸ್ ಬ್ರದರ್ಸ್’ ಹಾಡಿನ ಹಿಂದೆ ಒಂದು ತಮಾಷೆ ಇದೆ. ಸ್ಟೈಪ್ ಧ್ವನಿ ಏಳುತ್ತಲೇ ಇರಲಿಲ್ಲ. ಡಿಕ್ಸನ್ ಅಲ್ಲೇ ಬಿದ್ದಿದ್ದ ಒಂದು ಭಕ್ತಿಗೀತೆಗಳ ಎಲ್.ಪಿ. ತೆಗೆದು ಕೈಗೆ ಕೊಟ್ಟರು. ಸ್ಟೈಪ್ ಅದರ ಹಿಂಬದಿಯಲ್ಲಿ ಅಚ್ಚಾಗಿದ್ದ ಬರಹವನ್ನೇ ಈ ಹಾಡಿನ ಧಾಟಿಗೆ ಹಾಡಿಬಿಟ್ಟರು. ಮೈಚಳಿ ಬಿಟ್ಟಿತು, ಆಮೇಲೆ ಅಸಲಿ ಹಾಡು ಸಲೀಸಾಗಿ ಬಂತು. ಆ ತಮಾಷೆಯ ರೂಪವೂ ‘ವಾಯ್ಸ್ ಆಫ್ ಹೆರಾಲ್ಡ್’ ಅಂತ ಉಳಿದಿದೆ. ಕೇಳಿ ನೋಡಿ. ಎಲ್.ಪಿ. ಹಿಂದಿನ ಜಾಹೀರಾತಿನಂಥ ಬರಹವನ್ನು ಹಾಡಿದರೂ ಎದೆ ತಟ್ಟುತ್ತದೆ. ಈ ತಂಡದಲ್ಲಿ ಮಾತು ಎಷ್ಟು ಮುಖ್ಯ ಅನ್ನೋ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಹಾಗಾದರೆ ಯಾವುದು? ದೊಡ್ಡ ಆಲ್ಬಂ ಮರ್ಮರ್. ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಮೊದಲು ಕೇಳಬೇಕಾದ್ದು ರೆಕನಿಂಗ್. ಹತ್ತು ಹಾಡು, ಸುಮಾರು 38 ನಿಮಿಷ, ಮೊದಲ ಸಲಕ್ಕೇ ಮೂರ್ನಾಲ್ಕು ರಾಗ ನಾಲಿಗೆಗೆ ಹತ್ತುತ್ತವೆ. ಮರ್ಮರ್ ಮೊದಲ ಸಲಕ್ಕೆ ಬಾಗಿಲು ತೆಗೆಯುವುದಿಲ್ಲ. ಕೆಲಸ ಮಾಡುತ್ತಾ, ಅಡುಗೆ ಮಾಡುತ್ತಾ ಹಿನ್ನೆಲೆಯಲ್ಲಿ ಹಾಕಿದರಂತೂ ಹನ್ನೆರಡು ಹಾಡೂ ಒಂದೇ ಥರ ಕೇಳಿಸುತ್ತವೆ. ಇಯರ್‌ಫೋನ್ ಹಾಕಿಕೊಂಡು, ರಾತ್ರಿ, ಬೇರೇನೂ ಮಾಡದೆ ಕೇಳುವವರಾದರೆ ನೇರ ಮರ್ಮರ್‌ಗೆ ಹೋಗಿ. ಉಳಿದವರಿಗೆ ರೆಕನಿಂಗ್.

ಕಂಟ್ರಿ ಸಂಗೀತ ಇಷ್ಟ ಇರುವವರಿಗೆ ಇನ್ನೊಂದು ಕಾರಣ ‘(ಡೋಂಟ್ ಗೋ ಬ್ಯಾಕ್ ಟು) ರಾಕ್‌ವಿಲ್’. ಮಿಲ್ಸ್ ಬರೆದದ್ದು, ಹುಡುಗಿ ಮೇರಿಲ್ಯಾಂಡಿನ ತನ್ನ ಊರಿಗೆ ವಾಪಸ್ ಹೋಗದಿರಲಿ ಅಂತ. ಇದರ ಮಾತು ಮಾತ್ರ ಎಲ್ಲರಿಗೂ ಅರ್ಥವಾಗುತ್ತದೆ!

ಫೇಬಲ್ಸ್: ಇದನ್ನು ಮೊದಲು ಮುಟ್ಟಬೇಡಿ

1985ರ ‘ಫೇಬಲ್ಸ್ ಆಫ್ ದ ರೀಕನ್‌ಸ್ಟ್ರಕ್ಷನ್’ ಅನ್ನು ಲಂಡನ್‌ನಲ್ಲಿ ಮಾಡಿದರು. ನಿರ್ಮಾಪಕ ಜೋ ಬಾಯ್ಡ್, ಇಂಗ್ಲೆಂಡಿನ ಫೋಕ್ ಸಂಗೀತದ ನಿಕ್ ಡ್ರೇಕ್ ಮತ್ತು ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ ರೆಕಾರ್ಡುಗಳನ್ನು ಮಾಡಿದವರು. ಚಳಿಗಾಲ, ಮಳೆ, ಮನೆ ನೆನಪು, ಸುತ್ತಾಟದ ದಣಿವು. ತಂಡದೊಳಗೂ ಮನಸ್ಸು ಸರಿ ಇರಲಿಲ್ಲ. ಸಾಮಾನ್ಯವಾಗಿ ಮಿಕ್ಸಿಂಗ್ ಮಾಡುವಾಗ ಪ್ರತಿಯೊಬ್ಬರೂ ತನ್ನ ವಾದ್ಯ ಜೋರು ಮಾಡಿ ಅನ್ನುತ್ತಾರೆ. ಇವರು ನನ್ನದನ್ನು ತಗ್ಗಿಸಿ ಅನ್ನುತ್ತಿದ್ದರಂತೆ.

ವಿಚಿತ್ರ ಅಂದರೆ, ಊರಿನಿಂದ ಇಷ್ಟು ದೂರ ಬಂದು ಮಾಡಿದ ಈ ಆಲ್ಬಂನಲ್ಲೇ ಊರು ಜಾಸ್ತಿ ಇದೆ. ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳನ್ನು ಮತ್ತೆ ಕಟ್ಟಿದ ಕಾಲಕ್ಕೆ ಅಮೆರಿಕದಲ್ಲಿ ರೀಕನ್‌ಸ್ಟ್ರಕ್ಷನ್ ಅನ್ನುತ್ತಾರೆ, ಹೆಸರಿನ ನೆರಳು ಅಲ್ಲಿಂದ ಬಂದದ್ದು. ದಕ್ಷಿಣದ ಹಳ್ಳಿ ಪಟ್ಟಣಗಳ ವಿಚಿತ್ರ ಮನುಷ್ಯರು, ರೈಲು, ಹರಾಜು ಕೂಗುವವ, ಹೇಳಿ ಕೇಳಿದ ಕಥೆಗಳು. ‘ಲೈಫ್ ಆ್ಯಂಡ್ ಹೌ ಟು ಲಿವ್ ಇಟ್’ ಹಾಡು ಅಥೆನ್ಸ್‌ನಲ್ಲಿ ಮನೆಯನ್ನು ಎರಡು ಪಾಲು ಮಾಡಿಕೊಂಡು, ಕೆಲವು ದಿನ ಇಲ್ಲಿ, ಕೆಲವು ದಿನ ಅಲ್ಲಿ ಬದುಕಿದ ಒಬ್ಬ ಮನುಷ್ಯನದು. ‘ಡ್ರೈವರ್ 8’ ರೈಲಿನ ಹಾಡು, ಆರಂಭದ ದಿನಗಳ ಅತಿ ಒಳ್ಳೆಯ ಹಾಡುಗಳಲ್ಲಿ ಒಂದು. ಕೊನೆಯ ‘ವೆಂಡೆಲ್ ಜೀ’ಯಲ್ಲಿ ಬ್ಯಾಂಜೊ.

ಆದರೆ ಧ್ವನಿ ಮಂಕು. ಮೊದಲ ಹಾಡು ‘ಫೀಲಿಂಗ್ ಗ್ರ್ಯಾವಿಟೀಸ್ ಪುಲ್’ ಹೊಸಬರನ್ನು ಓಡಿಸಲೆಂದೇ ಇಟ್ಟ ಹಾಗಿದೆ. ಕಥೆ ಇಷ್ಟಪಡುವವರಿಗೆ, ತಂಡ ಒಮ್ಮೆ ಹಿಡಿಸಿದ ಮೇಲೆ, ಇದು ದೊಡ್ಡ ಉಡುಗೊರೆ. ಮೂರನೆಯದಾಗಿಯೋ ನಾಲ್ಕನೆಯದಾಗಿಯೋ ಕೇಳಿ.

ಜೋರು ಬೇಕಾದವರಿಗೆ

ಮಾತು ಕೇಳಿಸಲೇಬೇಕು, ಡ್ರಮ್ಸ್ ಎದೆಗೆ ಬಡಿಯಬೇಕು ಅನ್ನುವವರಿಗೆ 1986ರ ‘ಲೈಫ್ಸ್ ರಿಚ್ ಪ್ಯಾಜೆಂಟ್’ ಅಥವಾ 1987ರ ‘ಡಾಕ್ಯುಮೆಂಟ್’.

ಪ್ಯಾಜೆಂಟ್‌ನ ನಿರ್ಮಾಪಕ ಡಾನ್ ಗೆಹ್‌ಮನ್, ರಾಕ್ ಗಾಯಕ ಜಾನ್ ಮೆಲೆನ್‌ಕ್ಯಾಂಪ್ ಜೊತೆ ಕೆಲಸ ಮಾಡಿ ಹೆಸರಾದವರು. ರೆಕಾರ್ಡ್ ಮಾಡಿದ್ದು ಇಂಡಿಯಾನಾದಲ್ಲಿ. ನೀವು ಹಾಡುತ್ತಿರುವುದು ಯಾವುದರ ಬಗ್ಗೆ, ಬಿಡಿಸಿ ಹೇಳಿ ಅಂತ ಸ್ಟೈಪ್‌ರನ್ನು ಗಟ್ಟಿಯಾಗಿ ಕೇಳಿದ ಮೊದಲ ನಿರ್ಮಾಪಕ. ಅದರ ಫಲ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಮಾತಿಗೆ ವಿಷಯವೂ ಸಿಕ್ಕಿದೆ. ‘ಕಯಾಹೋಗ’ ಓಹಾಯೊದ ನದಿಯ ಹೆಸರು, ಎಣ್ಣೆ ಕೊಳಕು ತುಂಬಿ 1969ರಲ್ಲಿ ಹೊತ್ತಿಕೊಂಡ ನದಿ. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದನ್ನು ನೋಡಿದ ಬೆಂಗಳೂರಿನವರಿಗೆ ಈ ಹಾಡಿಗೆ ಬೇರೆ ಟಿಪ್ಪಣಿ ಬೇಡ. ‘ಫಾಲ್ ಆನ್ ಮಿ’ ಆಮ್ಲಮಳೆಯ ಹಾಡಾಗಿ ಶುರುವಾದದ್ದು. ಅದರಲ್ಲಿ ಸ್ಟೈಪ್, ಮಿಲ್ಸ್, ಬೆರ್ರಿ ಮೂವರ ಧ್ವನಿ ಮೂರು ದಾರಿಯಲ್ಲಿ ಹೋಗಿ ಹೆಣೆದುಕೊಳ್ಳುವುದನ್ನು ಕೇಳಬೇಕು. ಮಿಲ್ಸ್ ಈ ತಂಡದ ಎರಡನೇ ಕಂಠ ಅನ್ನೋದನ್ನು ಜನ ಮರೆಯುತ್ತಾರೆ. ಕೊನೆಯ ‘ಸೂಪರ್‌ಮ್ಯಾನ್’, ದ ಕ್ಲೀಕ್ ಎಂಬ ಹಳೆಯ ತಂಡದ ಹಾಡು, ಅದನ್ನು ಪೂರ್ತಿ ಮುಂದೆ ನಿಂತು ಹಾಡಿದವರು ಮಿಲ್ಸ್ ಅವರೇ. ತಂಡಕ್ಕೆ ಮೊದಲ ಗೋಲ್ಡ್ ರೆಕಾರ್ಡ್ (ಅಮೆರಿಕದಲ್ಲಿ ಐದು ಲಕ್ಷ ಪ್ರತಿಗೆ ಕೊಡುವ ಮನ್ನಣೆ) ತಂದ ಆಲ್ಬಂ ಇದು.

ಡಾಕ್ಯುಮೆಂಟ್ ನ್ಯಾಶ್‌ವಿಲ್‌ನಲ್ಲಿ, ಸ್ಕಾಟ್ ಲಿಟ್ ಜೊತೆ ಮಾಡಿದ್ದು. ಅವರ ಜೊತೆಗಿನ ಈ ನಂಟು 1996ರವರೆಗೆ ನಡೆಯಿತು. ‘ಲೂಸಿಂಗ್ ಮೈ ರಿಲಿಜನ್’ನ ಧ್ವನಿಯೂ ಅದೇ ಕೈಯಿಂದ ಬಂದದ್ದು, ಹಾಗಾಗಿ ಆ ಹಾಡಿನಿಂದ ಹಿಂದಕ್ಕೆ ಬರುವವರಿಗೆ ಇದು ಹತ್ತಿರದ ಮೆಟ್ಟಿಲು. ‘ದ ಒನ್ ಐ ಲವ್’ ಅಮೆರಿಕದ ಸಿಂಗಲ್ಸ್ ಪಟ್ಟಿಯಲ್ಲಿ 9ನೇ ಸ್ಥಾನ ಮುಟ್ಟಿತು. ಜನ ಅದನ್ನು ಪ್ರೇಮಗೀತೆ ಅಂದುಕೊಂಡು ರೇಡಿಯೊದಲ್ಲಿ ಪ್ರಿಯತಮೆಗೆ ಅರ್ಪಿಸಿದರು. ಮುಂದಿನ ಸಾಲು ಕೇಳಿದ್ದರೆ ಅರ್ಪಿಸುತ್ತಿರಲಿಲ್ಲ. ಮಾತು ಸ್ಪಷ್ಟ ಕೇಳಿಸಿದರೂ ಅರ್ಥವಾಗದಿರಬಹುದು, ನೋಡಿ.

ಇವೆರಡರಲ್ಲಿ ನನ್ನ ಓಟು ಪ್ಯಾಜೆಂಟ್‌ಗೆ. ಡಾಕ್ಯುಮೆಂಟ್‌ನ ಮೊದಲ ಅರ್ಧ ಗಟ್ಟಿ. ಅಧ್ಯಕ್ಷ ರೇಗನ್ ಕಾಲದ ಅಮೆರಿಕದ ಮೇಲಿನ ಸಿಟ್ಟು, ಟೈಪ್‌ರೈಟರ್ ಸದ್ದಿನಿಂದ ಶುರುವಾಗುವ ‘ಎಕ್ಸ್‌ಹ್ಯೂಮಿಂಗ್ ಮೆಕಾರ್ಥಿ’, ಉಸಿರು ಬಿಡದೆ ಓಡುವ ‘ಇಟ್ಸ್ ದ ಎಂಡ್ ಆಫ್ ದ ವರ್ಲ್ಡ್’. ‘ದ ಒನ್ ಐ ಲವ್’ ಆದ ಮೇಲೆ ಸ್ವಲ್ಪ ಜೋಲುತ್ತದೆ. ಪ್ಯಾಜೆಂಟ್‌ನಲ್ಲಿ ಹಾಗೆ ಜೋಲುವ ಜಾಗ ಇಲ್ಲ.

ಕೊಳ್ಳುವುದಾದರೆ

ಸ್ಟ್ರೀಮಿಂಗ್‌ನಲ್ಲಿ ಕೇಳುವವರಿಗೆ ತೊಂದರೆ ಇಲ್ಲ. ಸಿ.ಡಿ. ಹುಡುಕುವವರು 25ನೇ ವರ್ಷದ ಎರಡು ಡಿಸ್ಕಿನ ಆವೃತ್ತಿಗಳನ್ನು ನೋಡಿ, 2008ರಿಂದ 2012ರವರೆಗೆ ವರ್ಷಕ್ಕೊಂದರಂತೆ ಬಂದವು. ಮರ್ಮರ್ ಜೊತೆ ಟೊರಾಂಟೊದಲ್ಲಿ 1983ರಲ್ಲಿ ನಡೆದ ಕಾರ್ಯಕ್ರಮ ಇದೆ. ಆಲ್ಬಂ ತೀರಾ ಮಸುಕು ಅನಿಸಿದವರು ಅದೇ ಹಾಡುಗಳನ್ನು ಇಲ್ಲಿ ಕೇಳಲಿ, ಪಾರ್ಟಿ ತಂಡ ಎದ್ದು ಬರುತ್ತದೆ. ರೆಕನಿಂಗ್ ಜೊತೆ ಷಿಕಾಗೊ ಕಾರ್ಯಕ್ರಮ. ಫೇಬಲ್ಸ್ ಜೊತೆ ಲಂಡನ್‌ಗೆ ಹೋಗುವ ಮುಂಚೆ ಅಥೆನ್ಸ್‌ನಲ್ಲಿ ಮಾಡಿಕೊಂಡ ಡೆಮೊಗಳು, ಅಂದರೆ ಕರಡು ರೆಕಾರ್ಡಿಂಗ್‌ಗಳು. ಇದಕ್ಕೆ ದುಡ್ಡು ಕೊಡಬಹುದು. ಲಂಡನ್ನಿನ ಮಂಜು ಇಲ್ಲದೆ ಆ ಹಾಡುಗಳು ಎಷ್ಟು ಚುರುಕಾಗಿದ್ದವು ಅಂತ ಗೊತ್ತಾಗುತ್ತದೆ. ಕ್ರಾನಿಕ್ ಟೌನ್ ಬಹಳ ವರ್ಷ ಬೇರೆ ಸಿ.ಡಿ.ಯಾಗಿ ಸಿಗುತ್ತಿರಲಿಲ್ಲ, ‘ಡೆಡ್ ಲೆಟರ್ ಆಫೀಸ್’ ಸಂಕಲನದ ಕೊನೆಗೆ ಸೇರಿಸಿದ್ದರು. 2022ರಲ್ಲಿ ಬೇರೆಯಾಗಿ ಬಂತು. ‘ವಾಯ್ಸ್ ಆಫ್ ಹೆರಾಲ್ಡ್’ ಕೂಡ ಆ ಸಂಕಲನದಲ್ಲೇ ಇರುವುದರಿಂದ, ಒಂದು ಸಿ.ಡಿ.ಯಲ್ಲಿ ಎರಡೂ ಬೇಕಾದರೆ ಹಳೆಯದನ್ನೇ ಕೊಳ್ಳಿ.

ಇನ್ನು 1988ರ ‘ಎಪಾನಿಮಸ್’, ಐ.ಆರ್.ಎಸ್. ಕಾಲದ ಹಾಡುಗಳ ಆಯ್ದ ಸಂಗ್ರಹ. ಇಂಥ ಸಂಗ್ರಹದಿಂದ ಶುರು ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಈ ಆಲ್ಬಂಗಳಲ್ಲಿ ಒಂದು ಹಾಡಿನಿಂದ ಇನ್ನೊಂದಕ್ಕೆ ಬೆಳಕು ಬೀಳುತ್ತದೆ, ಬಿಡಿಸಿಟ್ಟರೆ ಅದು ಹೋಗುತ್ತದೆ. ಆದರೆ ‘ರೇಡಿಯೊ ಫ್ರೀ ಯುರೋಪ್’ನ ಮೊದಲ ಹಿಬ್-ಟೋನ್ ರೂಪ ಅದರಲ್ಲಿದೆ. ಮರ್ಮರ್‌ಗಾಗಿ ಮತ್ತೆ ರೆಕಾರ್ಡ್ ಮಾಡಿದ್ದಕ್ಕಿಂತ ಒಂಚೂರು ವೇಗ, ಒಂಚೂರು ಒರಟು. ನನಗೆ ಗ್ಯಾರೇಜಿನದೇ ಇಷ್ಟ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ಎರಡರಲ್ಲೂ ಮಾತು ಅರ್ಥವಾಗುವುದಿಲ್ಲ, ಆ ಭಯ ಬೇಡ.